ಬೆಟ್ಟದ ರಸ್ತೆಯಿಂದ ಕರೆ ಬರಲಿಲ್ಲ

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನಮ್ಮೂರಿಗೆ ನಮ್ಮ ಕೇಬಲ್ ಹಾಗೆ. ಅರ್ಧ ಚಾನೆಲ್ ಬರಲಿ ಬಿಡಲಿ, ಇಂಟರ್‌ನೆಟ್ ಆಮೆಯ ಹಾಗೆ ತೆವಳಲಿ, ಹೊರಗಿನವರು ಒಂದು ಮಾತು ಆಡಿದರೆ ಇಡೀ ಟನ್‌ಬ್ರೂಕ್ ಮೈಮೇಲೆ ಬೀಳುತ್ತದೆ. ಅದಕ್ಕೆ ಕಾರಣವೂ ಇದೆ. ಆಗಿನ ಕಾಲದಲ್ಲಿ ನಗರದ ದೊಡ್ಡ ಕಂಪನಿಯವನೊಬ್ಬ ಬಂದು ನಮ್ಮ ಬೆಟ್ಟ ನೋಡಿದ, ಮನೆಗೂ ಮನೆಗೂ ನಡುವಿನ ದೂರ ನೋಡಿದ, ಇಲ್ಲಿಗೆ ತಂತಿ ಎಳೆದರೆ ನಮಗೇನು ಗಿಟ್ಟುತ್ತದೆ ಎಂದು ಮೂಗು ಮುರಿದು ಹೋದ. ಆಮೇಲೆ ನಮ್ಮ ಗಂಡಸರೇ ಕಂಬ ಹತ್ತಿದರು. ಸ್ಪ್ರಿಂಗ್ ಹಿಲ್ ರಸ್ತೆಯ ಅಷ್ಟೂ ಕಂಬ ಹತ್ತಿದವನು ನನ್ನ ಗಂಡ ಎಲ್ಬ್ರಿಜ್ ಥೇಯರ್. ಬೆಳಗ್ಗೆ ಹಸು ಕರೆದು, ಬೂಟಿನ ಸಗಣಿಯನ್ನೂ ಒರೆಸದೆ ಏಣಿ ಹೊತ್ತುಕೊಂಡು ಹೋಗುತ್ತಿದ್ದ. ಮೊದಲ ಸಲ ಟಿವಿಯಲ್ಲಿ ಚಿತ್ರ ಮೂಡಿದ ದಿನ ಅವನು ಅತ್ತಿದ್ದನ್ನು ನಾನು ಬಿಟ್ಟರೆ ಇನ್ಯಾರೂ ನೋಡಿಲ್ಲ.

ಕೇಬಲ್ ಊರಿನದು, ಹಾಗಾಗಿ ಅದನ್ನು ನೋಡಿಕೊಳ್ಳುವ ಮಂಡಳಿಯೂ ಊರಿನದು. ನಾವು ಐದು ಜನ, ಚುನಾಯಿತರು. ಶಾಲೆಯ ಅಡುಗೆಮನೆಯಲ್ಲಿ ಜೀವಮಾನವೆಲ್ಲ ಮಕ್ಕಳಿಗೆ ಸೂಪು ಬಡಿಸಿದ ವಿನಿಫ್ರೆಡ್ ಥೇಯರ್, ಅಂದರೆ ನಾನು, ಅದರಲ್ಲಿ ಒಬ್ಬಳು. ಅಧ್ಯಕ್ಷ ರಾಯ್ಸ್ ಪೆಲ್ಕಿ, ನನ್ನ ಸಹಪಾಠಿ. ಮಂಡಳಿಯ ಸಭೆಗಳೆಲ್ಲ ನಮ್ಮದೇ ಎಂಟನೇ ಚಾನೆಲ್‌ನಲ್ಲಿ ನೇರ ಬರುತ್ತವೆ. ಅದಕ್ಕೇ ಸಭೆಗೆ ಯಾರೂ ಬರುವುದಿಲ್ಲ. ಸಾಕ್ಸು ಹಾಕಿದ ಕಾಲನ್ನು ಒಲೆಯ ಕಡೆ ಚಾಚಿ ಮನೆಯಲ್ಲೇ ನೋಡುತ್ತಾರೆ, ಏನಾದರೂ ಹೇಳುವುದಿದ್ದರೆ ಫೋನು ಮಾಡುತ್ತಾರೆ. ಆ ಫೋನೂ ಅದೇ ಕೇಬಲ್ ಮೇಲೆ ಓಡುವಂಥದ್ದು. ನಮ್ಮ ಕಣಿವೆಯಲ್ಲಿ ಮೊಬೈಲಿಗೆ ಸಿಗ್ನಲ್ಲೇ ಇಲ್ಲ.

ಮಾತಾಡುವವರಿಗೊಂದು ನಿಯಮವಿದೆ. ಮೊದಲು ಹೆಸರು, ರಸ್ತೆ ಹೇಳಬೇಕು, ದಾಖಲೆಗೆ. ಅಧ್ಯಕ್ಷನ ಹೆತ್ತ ತಾಯಿಯೇ ಎದ್ದು ನಿಂತರೂ ಅಷ್ಟೇ, ಹೆಸರು, ರಸ್ತೆ. ಆಮೇಲೆ ಮೂರು ನಿಮಿಷ. ರಾಯ್ಸ್ ತನ್ನ ಮುಂದೆ ಕೋಳಿಯ ಆಕಾರದ ಅಡುಗೆಮನೆ ಗಡಿಯಾರವೊಂದನ್ನು ಇಟ್ಟುಕೊಳ್ಳುತ್ತಾನೆ, ಮೊಟ್ಟೆ ಬೇಯಿಸಲು ಇಡುವಂಥದ್ದು. ಅದರ ಹೊಟ್ಟೆ ತಿರುಗಿಸಿದರೆ ಕಟಕಟ ಶುರು. ಮುಗಿದಾಗ ಟ್ರಿಣ್ ಅಂದರೆ ಬಾಯಿ ಮುಚ್ಚಬೇಕು.

ಪ್ರತಿ ಸಭೆಗೂ ತಪ್ಪದೆ ಫೋನು ಮಾಡುವವನು ನನ್ನ ಗಂಡ. ಹೆಂಡತಿ ಮಂಡಳಿಯಲ್ಲಿ ಕೂತಿದ್ದಾಳೆ ಅನ್ನುವ ನಾಚಿಕೆ ಒಂದು ಕಾಳಿನಷ್ಟೂ ಇಲ್ಲ.

"ಎಲ್ಬ್ರಿಜ್ ಥೇಯರ್, ಸ್ಪ್ರಿಂಗ್ ಹಿಲ್ ರಸ್ತೆ," ಎಂದು ಶುರು ಮಾಡುತ್ತಿದ್ದ. "ರಾಯ್ಸ್, ಮೊದ್ಲು ನೆಟ್ಗೆ ಕೂತ್ಕೊ. ಹಿಟ್ಟಿನ ಚೀಲ ಗೋಡೆಗೆ ಒರಗ್ಸಿಟ್ಟ ಹಾಗಿದ್ದೀಯ. ನೋಡೋಕಾಗ್ತಿಲ್ಲ."

"ನಿಂಗೆ ಎರಡೂವರೆ ನಿಮಿಷ ಉಳ್ದಿದೆ, ಎಲ್ಬ್ರಿಜ್."

"ನಿನ್ನ ಕೋಳಿಗೆ ಕಾಳು ಹಾಕು, ಅದು ಓಡ್ತಾ ಇದೆ."

ಊರೆಲ್ಲ ನಗುತ್ತಿತ್ತು. ನಾನು ತಲೆ ತಗ್ಗಿಸಿ ಕೂರುತ್ತಿದ್ದೆ. ಆದರೆ ಅವನ ದನಿ ಸ್ಪೀಕರಿನಲ್ಲಿ ಬಂತೆಂದರೆ ನನ್ನ ಜೀವಕ್ಕೆ ಸಮಾಧಾನ. ಅದರಲ್ಲೂ ಕಳೆದ ಶರತ್ಕಾಲದಿಂದೀಚೆಗೆ.

ಆಗ ಅವನಿಗೆ ಸಣ್ಣ ಪಾರ್ಶ್ವವಾಯು ಬಡಿದಿತ್ತು. ಕೊಟ್ಟಿಗೆಯಲ್ಲಿ ಬಕೆಟ್ಟು ಕೈಜಾರಿತು, ಎಡಗಣ್ಣ ರೆಪ್ಪೆ ಇಳಿಯಿತು. ನಾನು ಪಕ್ಕದಲ್ಲೇ ಇದ್ದೆ, ಫೋನು ಮಾಡಿದೆ, ಆಂಬುಲೆನ್ಸು ಬಂತು, ಎಲ್ಲ ಸರಿಹೋಯಿತು. ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. "ಈ ಸಲ ಬೇಗ ತಂದ್ರಿ, ಬಚಾವಾದ್ರು. ಇನ್ನೊಂದ್ಸಲ ಆಗ್ಬಹುದು. ಆಗ ತಡ ಆದ್ರೆ ಹೋಗಿದ್ದು ವಾಪಸ್ ಬರಲ್ಲ, ನೆನಪಿಟ್ಕೊಳಿ."

ನೆನಪಿಟ್ಟುಕೊಳ್ಳುವುದೇನು, ಅಂದಿನಿಂದ ಅದನ್ನು ಮರೆತ ಗಳಿಗೆಯೇ ಇಲ್ಲ. ಅವನ ಕೊರಳಿಗೆ ಗುಂಡಿಯಿರುವ ದಾರ ಹಾಕಿದೆವು. ಗುಂಡಿ ಒತ್ತಿದರೆ ಅಡುಗೆಮನೆಯ ಕಪಾಟಿನ ಮೇಲಿರುವ ಬಿಳಿ ಡಬ್ಬಿ ಫೋನು ತಂತಿಯ ಮೂಲಕ ಸಹಾಯ ಕರೆಯುತ್ತದೆ. ಡಬ್ಬಿಯೊಳಗೊಂದು ಹೆಣ್ಣಿನ ದನಿ ಇದೆ. ಯಾರಾದರೂ ಆ ಕಡೆ ಎತ್ತುವವರೆಗೂ ಅದು ಒಂದೇ ಮಾತು ಹೇಳುತ್ತಿರುತ್ತದೆ: 'ಸಹಾಯಕ್ಕೆ ಕರೆ ಮಾಡಲಾಗುತ್ತಿದೆ. ದಯವಿಟ್ಟು ಕಾಯಿರಿ.' ಎಲ್ಬ್ರಿಜ್ ಅದಕ್ಕೆ ಡಬ್ಬಿಯಮ್ಮ ಎಂದು ಹೆಸರಿಟ್ಟ. ಒಮ್ಮೆ ಕಾಫಿ ತಡವಾಯಿತೆಂದು ಗುಂಡಿ ಒತ್ತಿಬಿಟ್ಟ, ಮುಠ್ಠಾಳ. ಆ ಕಡೆಯ ಹುಡುಗಿ ಕೂಡಲೇ ಎತ್ತಿ ಏನಾಯ್ತು ಅಂದಾಗ, "ಹೆಂಡ್ತಿ ಮುಷ್ಕರ ಹೂಡಿದ್ದಾಳೆ" ಅಂದ. ನಾನು ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದಲೇ ಅವನ ಬೆನ್ನಿಗೆ ಬಾರಿಸಿದೆ.

ಮಾರ್ಚ್ ತಿಂಗಳ ಆ ಶನಿವಾರ ಸಾರ್ವಜನಿಕ ವಿಚಾರಣೆ ಇತ್ತು, ಮಧ್ಯಾಹ್ನ. ವಿಷಯ ಇಷ್ಟೇ. ಕರೆಂಟು ಹೋದಾಗಲೂ ತುರ್ತು ಕರೆ ಹೋಗುತ್ತದೆ ಎಂದು ಮಂಡಳಿ ರಾಜ್ಯ ಸರ್ಕಾರಕ್ಕೆ ಬರೆದುಕೊಡಬೇಕು. ಸೋಮವಾರದೊಳಗೆ ಕೊಡದಿದ್ದರೆ ನಮ್ಮ ಫೋನಿನ ಪರವಾನಗಿ ಹೋಗುತ್ತದೆ. ಫೋನು ಹೋದರೆ ಅರ್ಧ ಗಿರಾಕಿಗಳು ಹೋದರು. ಅವರು ಹೋದರೆ ಕೇಬಲ್ ಮುಳುಗಿತು, ಅಂದು ಮೂಗು ಮುರಿದ ಕಂಪನಿಯೇ ಬಂದು ಮೂರು ಕಾಸಿಗೆ ಕೊಳ್ಳುತ್ತದೆ. ಆದರೆ ಬರೆದುಕೊಡುವ ಮೊದಲು ಊರಿನವರ ಮಾತು ಕೇಳಬೇಕು, ಅದು ಕಾನೂನು.

ನಾನು ಹೊರಟಾಗ ಹಿಮವಲ್ಲ, ಹೆಪ್ಪುಗಟ್ಟುವ ಮಳೆ ಶುರುವಾಗಿತ್ತು. ಅದು ಬಿದ್ದಲ್ಲೇ ಗಾಜಾಗುತ್ತದೆ. ಎಲ್ಬ್ರಿಜ್ ಕಿಟಕಿಯ ಹತ್ತಿರದ ಕುರ್ಚಿಯಲ್ಲಿದ್ದ.

"ನಾನು ಹೋಗಲ್ಲ ಕಣೋ," ಅಂದೆ. "ನಿನ್ನ ಮುಖ ಯಾಕೋ ಬಿಳಿಚಿಕೊಂಡಿದೆ."

"ಹುಟ್ಟಿದಾಗ್ಲೇ ಬಿಳೀ ಇದ್ದೆ. ಹೋಗು. ನೀನಿಲ್ದಿದ್ರೆ ಆ ರಾಯ್ಸ್ ಮಳೇನೂ ಬೆಚ್ಚಗಿದೆ ಅಂತ ಬರ್ದುಕೊಡ್ತಾನೆ. ನಾನು ಟಿವೀಲಿ ನೋಡ್ತಿರ್ತೀನಿ. ಫೋನ್ ಮಾಡ್ತೀನಿ."

"ಗುಂಡಿ ಎಲ್ಲಿ?"

ಅವನು ಅಂಗಿಯೊಳಗಿಂದ ದಾರ ಎಳೆದು ತೋರಿಸಿದ. ನಾನು ಹೋದೆ. ಊರಿಗೆ ಉಪಕಾರಿ, ಮನೆಗೆ ಮಾರಿ!

ಸಭಾಂಗಣ ಎಂದಿನಂತೆ ಖಾಲಿ. ಸಾಲು ಕುರ್ಚಿಗಳು, ಯಾರೂ ಮುಟ್ಟದ ಡೋನಟ್ ತಟ್ಟೆ. ಮಂಡಳಿಯ ಒಬ್ಬ ಚಳಿಗಾಲಕ್ಕೆ ಫ್ಲಾರಿಡಾಗೆ ಹಾರಿದ್ದ, ಇನ್ನೊಬ್ಬಳಿಗೆ ಜ್ವರ. ಉಳಿದದ್ದು ರಾಯ್ಸ್, ನಾನು, ಲೈಬ್ರರಿಯ ಹೆಸ್ಟರ್. ಮೂವರಿದ್ದರೆ ಸಭೆ, ಇಬ್ಬರಾದರೆ ಇಲ್ಲ. ಪಕ್ಕದ ಮೇಜಿನಲ್ಲಿ ವ್ಯವಸ್ಥಾಪಕ ಡ್ವೇನ್ ಟ್ಯಾಟ್ರೋ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಗೋಡೆಯ ಟಿವಿಯಲ್ಲಿ ನಾವೇ ಕಾಣುತ್ತಿದ್ದೆವು, ರಾಯ್ಸ್ ಹಿಟ್ಟಿನ ಚೀಲದ ಹಾಗೆ.

ಡ್ವೇನ್ ವರದಿ ಓದಿದ. ಒಳ್ಳೆಯ ಸುದ್ದಿ, ಚಳಿಗಾಲ ಶುರುವಾದಾಗಿನಿಂದ ದೂರಿನ ಕರೆಗಳು ಕಡಿಮೆಯಾಗುತ್ತಲೇ ಬಂದಿವೆ. ಬಿರುಗಾಳಿ ಬಂದ ವಾರಗಳಲ್ಲಂತೂ ಒಂದೂ ಇಲ್ಲ.

"ನೋಡಿ ಮತ್ತೆ!" ಅಂದ ರಾಯ್ಸ್ ಕ್ಯಾಮೆರಾದ ಕಡೆ ತಿರುಗಿ. "ಜನಕ್ಕೆ ತೃಪ್ತಿ ಇದೆ. ಈಗ ಸಾರ್ವಜನಿಕರ ಮಾತು. ಫೋನಲ್ಲಿ ಯಾರಾದ್ರೂ ಇದ್ದೀರಾ? ಹೆಸರು, ರಸ್ತೆ ಹೇಳಿ."

ಅವನ ಕೈ ಕೋಳಿಯ ಮೇಲಿತ್ತು. ಸ್ಪೀಕರು ಸುಮ್ಮನಿತ್ತು.

"ಯಾರಾದ್ರೂ?"

ಏನೂ ಇಲ್ಲ. ಹೊರಗೆ ಮಳೆ ಕಿಟಕಿಯ ಗಾಜಿಗೆ ಕಾಳು ಎಸೆದಂತೆ ಬೀಳುತ್ತಿತ್ತು.

"ಅಬ್ಬಾ!" ರಾಯ್ಸ್ ನಕ್ಕ. "ಎಲ್ಬ್ರಿಜ್ ಥೇಯರ್ ಹತ್ರ ಮಾತು ಖಾಲಿ ಆದ ದಿನ! ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಳಿ."

ಹೆಸ್ಟರ್ ಕೂಡ ನಕ್ಕಳು. ನಾನು ಮಾತ್ರ ಸ್ಪೀಕರನ್ನೇ ನೋಡುತ್ತಿದ್ದೆ. ಎಲ್ಬ್ರಿಜ್ ಸುಮ್ಮನಿರುವವನಲ್ಲ. ಮಗಳ ಮದುವೆಯ ದಿನ ಕೂಡ ಚರ್ಚಿನ ಕಚೇರಿಯಿಂದ ಫೋನು ಮಾಡಿ ರಾಯ್ಸ್‌ಗೆ ಬೈದವನು. ಒಂದೋ ಅವನ ಫೋನು ಸತ್ತಿದೆ, ಇಲ್ಲವೋ... ಆಚೆಗೆ ಯೋಚಿಸಲು ನನಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಇನ್ನೊಂದು ಹೊಳೆಯಿತು. ಫೋನು ಸತ್ತಿದ್ದರೆ ಗುಂಡಿಯೂ ಸತ್ತಿದೆ.

"ಒಂದ್ನಿಮಿಷ," ಎಂದು ಎದ್ದು, ಸಭಾಂಗಣದ ಫೋನಿನಿಂದ ಮನೆಗೆ ಕರೆ ಮಾಡಿದೆ. ಕಟಕ್ ಎಂದು ಎತ್ತಿದ ಸದ್ದಾಯಿತು. ಎಲ್ಬ್ರಿಜ್! "ಥೇಯರ್ ಮನೆ. ನಾವು ಕೊಟ್ಟಿಗೇಲಿದ್ದೀವಿ, ಇಲ್ಲಾಂದ್ರೆ ನಿಮ್ಮ ಜೊತೆ ಮಾತಾಡೋಕೆ ಇಷ್ಟ ಇಲ್ಲ. ಸಂದೇಶ ಬಿಡಿ."

ಹಿಂದೆಂದೋ ರೆಕಾರ್ಡು ಮಾಡಿಟ್ಟ ಅವನ ದನಿ.

"ನೋಡು, ಎತ್ತಿತಲ್ಲ," ಅಂದ ರಾಯ್ಸ್. "ಲೈನು ಸರಿ ಇದೆ. ಮುದುಕ ಮಲಗಿರ್ತಾನೆ."

"ಆ ದನಿ ನಮ್ಮನೇಲಿಲ್ಲ ರಾಯ್ಸ್. ಅದು ಇಲ್ಲೇ, ನಿನ್ನ ಆಫೀಸಿನ ಯಂತ್ರದಲ್ಲಿರತ್ತೆ. ಮನೆ ಸುಟ್ಟು ಬೂದಿಯಾದ್ರೂ ಅದು ಹಾಗೇ ಎತ್ತತ್ತೆ." ನಾನು ಡ್ವೇನ್ ಕಡೆ ತಿರುಗಿದೆ. "ಡ್ವೇನ್, ಬೆಟ್ಟದ ಮೇಲೆ ಕರೆಂಟಿದೆಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಡ್ವೇನ್ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದ.

ನಾನು ಹೋಗಿ ಅದನ್ನು ತೆರೆದೆ. ಊರಿನ ನಕ್ಷೆ. ಪೇಟೆಯೆಲ್ಲ ಹಸಿರು ಚುಕ್ಕಿ. ಸ್ಪ್ರಿಂಗ್ ಹಿಲ್ ರಸ್ತೆಯುದ್ದಕ್ಕೂ, ನಮ್ಮ ಮನೆಯ ಚುಕ್ಕಿಯೂ ಸೇರಿ, ಕೆಂಪು.

"ಕರೆಂಟ್ ಹೋದ್ರೂ ಫೋನು ಓಡ್ಲಿ ಅಂತ ರಸ್ತೆ ಬದಿಯ ಪೆಟ್ಟಿಗೇಲಿ ಬ್ಯಾಟರಿ ಇದೆ, ಮಿಸೆಸ್ ಥೇಯರ್," ಅಂದ ಡ್ವೇನ್, ನೆಲ ನೋಡುತ್ತ.

"ಇದೆ. ಕೆಲಸ ಮಾಡತ್ತಾ?"

ಅವನು ರಾಯ್ಸ್‌ನ ಮುಖ ನೋಡಿದ. ರಾಯ್ಸ್ ಕೋಳಿಯ ಮುಖ ನೋಡಿದ. ನನಗೆ ಅಷ್ಟು ಸಾಕಾಯಿತು. ಕೋಟು ಎತ್ತಿಕೊಂಡೆ.

"ವಿನಿ, ನೀನು ಹೋದ್ರೆ ಕೋರಂ ಇಲ್ಲ," ರಾಯ್ಸ್ ಎದ್ದು ನಿಂತ. "ಸೋಮವಾರ ಗಡುವು. ಕೇಬಲ್ಲೇ ಹೋಗತ್ತೆ. ಎಲ್ಬ್ರಿಜ್ ಹತ್ತಿದ ಕಂಬ ಕಣೆ ಅದು! ಹೊರಗೆ ನೋಡು, ನಿನ್ನ ಕಾರು ಈ ಐಸ್ ಮೇಲೆ ಸೇತುವೇನೂ ದಾಟಲ್ಲ. ನನ್ನ ಟ್ರಕ್ಕಿನ ಚಕ್ರಕ್ಕೆ ಚೈನು ಸುತ್ತಿದೆ, ಜಾರಲ್ಲ. ಒಂದು ಸಲ ಕೈ ಎತ್ತು, ಅಷ್ಟೇ, ನಾನೇ ಕರ್ಕೊಂಡು ಹೋಗ್ತೀನಿ. ಒಂದು ನಿಮಿಷದ ಕೆಲಸ."

ನಿಜ ಹೇಳುತ್ತೇನೆ, ನನ್ನ ಕೈ ತಾನಾಗಿ ಏಳಲು ನೋಡಿತು. ಬೇಗ ಮನೆ ಮುಟ್ಟಲು ಅದೇ ಹತ್ತಿರದ ದಾರಿ. ತುರ್ತು ಕರೆ ಹೋಗುತ್ತದೆ ಎಂದು ಕೈ ಎತ್ತಿ, ಹೋಗದ ಕರೆಯ ಹಿಂದೆ ಓಡುವುದು. ಥೂ!

"ನೀನೇ ಎತ್ಕೊ ನಿನ್ನ ಕೈ," ಎಂದು ಬಾಗಿಲು ದಾಟಿದೆ.

ಹೊರಗೆ ಕಾಲಿಟ್ಟ ಕೂಡಲೇ ಜಾರಿದೆ. ಕಂಬಿ ಹಿಡಿದೆ, ಕಂಬಿಯೂ ಐಸು. ಕಾರಿನ ಬಾಗಿಲು ಹೆಪ್ಪುಗಟ್ಟಿ ತೆರೆಯಲೇ ಇಲ್ಲ. ರಸ್ತೆಯ ಅಂಚಿನ ಹುಲ್ಲಿನ ಮೇಲೆ ಕಾಲೂರಿ ನಡೆಯತೊಡಗಿದೆ. ಅಳು ಬರುತ್ತಿತ್ತು, ಆದರೆ ಅಳುತ್ತ ನಡೆದರೆ ಬೀಳುತ್ತೇನೆಂದು ನುಂಗಿಕೊಂಡೆ. ಸೇತುವೆಯ ಹತ್ತಿರ ಹಿಂದಿನಿಂದ ಚೈನಿನ ಸದ್ದು ಬಂತು. ಕೇಬಲ್ ಕಚೇರಿಯ ಟ್ರಕ್ಕು, ಒಳಗೆ ಡ್ವೇನ್.

"ಹತ್ತಿ, ಮಿಸೆಸ್ ಥೇಯರ್."

ಈ ಹುಡುಗನಿಗೆ ಹಲ್ಲು ಬೀಳುವ ವಯಸ್ಸಿನಲ್ಲಿ ನಾನು ಸೂಪು ಬಡಿಸಿದ್ದೆ. ಈಗ ಅವನ ದವಡೆ ಕಟಕಟ ಅನ್ನುತ್ತಿತ್ತು. ಬೆಟ್ಟ ಹತ್ತುವಾಗ ತಾನಾಗಿಯೇ ಹೇಳಿದ.

"ಬ್ಯಾಟರಿ ಕ್ರಿಸ್‌ಮಸ್‌ಗಿಂತ ಮುಂಚೇನೇ ಸತ್ತಿತ್ತು. ರಾಯ್ಸ್ ಅವ್ರಿಗೆ ಹೇಳ್ದೆ. ಈಗ ಬಾಯಿ ಬಿಟ್ರೆ ಊರು ಹೆದರತ್ತೆ, ವಿಚಾರಣೆ ಮುಗೀಲಿ, ಆಮೇಲೆ ಸದ್ದಿಲ್ದೆ ಹಾಕ್ಸೋಣ ಅಂದ್ರು. ಕರೆಂಟ್ ಹೋದಾಗೆಲ್ಲ ಬೆಟ್ಟದ ಫೋನು ಹೋಗ್ತಿತ್ತು. ಆದ್ರೆ ಯಾರೂ ದೂರು ಕೊಡ್ಲಿಲ್ಲ..."

"ಯಾವುದ್ರಲ್ಲಿ ಕೊಡ್ಬೇಕಿತ್ತೋ?" ಎಂದು ಕಿರುಚಿದೆ. "ಸತ್ತ ಫೋನಲ್ಲಾ?"

ಊರು ಹೆದರುತ್ತದಂತೆ! ಹೆದರಲಿ ಬಿಡಿ. ಹೆದರಿದ ಊರು ಪಕ್ಕದ ಮನೆಯ ಬಾಗಿಲು ತಟ್ಟುತ್ತದೆ. ನಂಬಿದ ಊರು ಗುಂಡಿ ಒತ್ತಿ ಕಾಯುತ್ತದೆ.

ಐಸಿನ ಭಾರಕ್ಕೆ ಮೇಪಲ್ ಮರಗಳ ಕೊಂಬೆಗಳು ಕಾಡಿನೊಳಗೆ ಮುರಿಯುತ್ತಿದ್ದವು, ಗುಂಡು ಹಾರಿದಂಥ ಸದ್ದು. ತಿರುವಿನಲ್ಲಿ ಪಕ್ಕದ ಮನೆಯ ಒಡೆಟ್ ಕಂಬಳಿ ಹೊದ್ದು ರಸ್ತೆಗೆ ಬಂದು ಕೈ ಬೀಸಿದಳು.

"ವಿನಿ! ನಿಮ್ಮ ಸಭೆಗೆ ಫೋನ್ ಮಾಡಿ ಮಾಡಿ ಸಾಕಾಯ್ತು. ಟಿವೀನೂ ಇಲ್ಲ, ಫೋನೂ ಇಲ್ಲ. ಈ ರಸ್ತೆಯೋರು ಎಲ್ರೂ ಬೈಯೋಕೆ ಕಾಯ್ತಿದ್ವಿ!"

"ಎಲ್ಬ್ರಿಜ್‌ನ ನೋಡಿದ್ಯಾ?"

"ಇಲ್ಲ ಕಣೆ. ನಿನ್ನ ಜೊತೆ ಸಭೆಗೆ ಬಂದಿದ್ದಾನೆ ಅಂದ್ಕೊಂಡೆ."

ನಮ್ಮ ಮನೆಯ ಕಿಟಕಿಗಳು ಕತ್ತಲಾಗಿದ್ದವು. ಚಿಮಣಿಯಲ್ಲಿ ಹೊಗೆಯಿರಲಿಲ್ಲ. ಮೆಟ್ಟಿಲ ಮೇಲೆ, ಜಾರದಿರಲೆಂದು ನಾನು ಬೆಳಗ್ಗೆ ಹಾಕಿದ ಬೂದಿಯ ಮೇಲೂ ಐಸು ಕಟ್ಟಿತ್ತು, ಮಂಡಿಯೂರಿ ಹತ್ತಿದೆ. ಬಾಗಿಲಿಗೆ ಕೈ ಇಡುವ ಮೊದಲೇ ಒಳಗಿನಿಂದ ಹೆಣ್ಣಿನ ದನಿ ಕೇಳಿಸಿತು. ಶಾಂತವಾದ, ಸಭ್ಯವಾದ ದನಿ.

'ಸಹಾಯಕ್ಕೆ ಕರೆ ಮಾಡಲಾಗುತ್ತಿದೆ. ದಯವಿಟ್ಟು ಕಾಯಿರಿ.'

ನನಗೆ ಬಾಗಿಲು ತಳ್ಳಲಾಗಲಿಲ್ಲ. ಡ್ವೇನ್ ತಳ್ಳಿದ.

ಎಲ್ಬ್ರಿಜ್ ಅಡುಗೆಮನೆಯ ನೆಲದ ಮೇಲೆ, ಒಲೆಗೂ ಮೇಜಿಗೂ ನಡುವೆ ಬಿದ್ದಿದ್ದ. ಬಾಯಿ ಒಂದು ಕಡೆಗೆ ಜಾರಿತ್ತು. ಕಣ್ಣು ತೆರೆದಿತ್ತು. ಸತ್ತಿದ್ದಾನೆಂದೇ ತಿಳಿದೆ. ಅಷ್ಟರಲ್ಲಿ ಅವನ ಹೆಬ್ಬೆರಳು ಅಲ್ಲಾಡಿತು. ಎದೆಯ ಮೇಲಿನ ಗುಂಡಿಯನ್ನು ಅದು ಒತ್ತಿತು, ಬಿಟ್ಟಿತು, ಒತ್ತಿತು.

'ಸಹಾಯಕ್ಕೆ ಕರೆ ಮಾಡಲಾಗುತ್ತಿದೆ. ದಯವಿಟ್ಟು ಕಾಯಿರಿ.'

"ಬಂದೆ ಕಣೋ, ಬಂದೆ, ನಾನು ಬಂದೆ," ಎಂದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅವನು ನನ್ನ ಮುಖ ನೋಡಿ ಏನೋ ಹೇಳಲು ಹೋದ. ಬಂದದ್ದು ಮಾತಲ್ಲ, ಕರುವಿನ ಗಂಟಲಿನಿಂದ ಬರುವಂಥ ಸದ್ದು. ಅವನಿಗೇ ಅದು ಕೇಳಿಸಿತು. ಅವನ ಕಣ್ಣಿನಲ್ಲಿ ಆಗ ಕಂಡ ಭಯವನ್ನು ನಾನು ಸಾಯುವವರೆಗೂ ಮರೆಯಲಾರೆ. ಮದುವೆಯಾದಾಗಿನಿಂದ ಅವನು ಹೆದರಿದ್ದನ್ನು ಅದೇ ಮೊದಲು ನೋಡಿದ್ದು.

ಡ್ವೇನ್ ಟ್ರಕ್ಕಿಗೆ ಓಡಿ, ಅದರಲ್ಲಿದ್ದ ರಸ್ತೆ ಕೆಲಸದವರ ವೈರ್ಲೆಸ್ಸಿನಲ್ಲಿ ಆಂಬುಲೆನ್ಸು ಕರೆದ. ಮರಳಿ ಬಂದು ಡಬ್ಬಿಯ ವೈರು ಕಿತ್ತ. ಅದರೊಳಗೂ ಬ್ಯಾಟರಿ ಇದೆಯಲ್ಲ, ಆ ಬ್ಯಾಟರಿ ಮಾತ್ರ ಚೆನ್ನಾಗಿತ್ತು. ಡಬ್ಬಿಯಮ್ಮ ನಿಲ್ಲಿಸಲಿಲ್ಲ. ಅವನು ಅದನ್ನು ಹೊರಗೆ ಒಯ್ದು ಹಿಮದ ರಾಶಿಯಲ್ಲಿ ಹೂತ. ಆಂಬುಲೆನ್ಸು ಬರುವ ತನಕ ನಾವು ಕೂತಿದ್ದೆವು, ಹಿಮದೊಳಗಿನಿಂದ ಅದು ಕಾಯಿರಿ, ಕಾಯಿರಿ ಅನ್ನುತ್ತಲೇ ಇತ್ತು.

ಎಲ್ಬ್ರಿಜ್ ಉಳಿದ. ಬಲಗೈ ಬಲಗಾಲು ಹೋದವು, ಮಾತು ಹೋಯಿತು. ಅದೇ ಡಾಕ್ಟರಮ್ಮ ಎಷ್ಟು ಹೊತ್ತಾಗಿತ್ತು ಅಂದಳು. ಗೊತ್ತಿಲ್ಲ ಅಂದೆ. ಅವಳು ನನ್ನ ಭುಜದ ಮೇಲೆ ಕೈಯಿಟ್ಟಳು.

ರಾಜ್ಯದವರು ಗಡುವನ್ನು ಸ್ವಲ್ಪ ಮುಂದೂಡಿದರು. ಹಿಮ ಕರಗಿ ರಸ್ತೆಗಳೆಲ್ಲ ಕೆಸರಾದ ಹೊತ್ತಿಗೆ, ಅರ್ಧಕ್ಕೆ ನಿಂತ ವಿಚಾರಣೆ ಮತ್ತೆ ಸೇರಿತು. ಈ ಸಲ ಮನೆಯಲ್ಲಿ ಕೂತು ನೋಡುವವರು ಯಾರೂ ಇರಲಿಲ್ಲ. ಸಭಾಂಗಣ ತುಂಬಿ, ಬೂಟಿನ ಕೆಸರು ನೆಲದ ತುಂಬಾ ಆಗಿ, ಗೋಡೆಗೊರಗಿಯೂ ಜನ ನಿಂತಿದ್ದರು. ಒಡೆಟ್ ಎಲ್ಬ್ರಿಜ್‌ನ ಗಾಲಿಕುರ್ಚಿ ತಳ್ಳಿಕೊಂಡು ಬಂದು ಮೊದಲ ಸಾಲಿನ ತುದಿಯಲ್ಲಿ ನಿಲ್ಲಿಸಿದಳು. ಅವನ ಮಡಿಲ ಮೇಲೆ ಕಂಬಳಿ. ಮನೆಯಿಂದ ಹೊರಡುವಾಗ ಅವನು ಎಡಗೈಯಿಂದ ಕಪಾಟು ತೋರಿಸಿದ್ದ, ಡಬ್ಬಿ ಬೇಕೆಂದು. ಯಾಕೆಂದು ನನಗೆ ತಿಳಿಯಲಿಲ್ಲ. ಕೊಟ್ಟಿದ್ದೆ. ನಾನು ಮಂಡಳಿಯ ಮೇಜಿನಲ್ಲಿ, ರಾಯ್ಸ್‌ನ ಪಕ್ಕ ಕೂತಿದ್ದೆ. ಅಂದಿನಿಂದ ಅವನ ಜೊತೆ ಒಂದು ಮಾತೂ ಆಡಿರಲಿಲ್ಲ.

ರಾಯ್ಸ್ ಸೊರಗಿಹೋಗಿದ್ದ. ಆದರೆ ನೆಟ್ಟಗೆ ಕೂತಿದ್ದ, ಬೆನ್ನಿಗೆ ಹಲಗೆ ಕಟ್ಟಿದ ಹಾಗೆ. ಬ್ಯಾಟರಿ ಹೊಸದು ಹಾಕಿಸಿದ್ದೇವೆ, ಆದದ್ದು ದುರದೃಷ್ಟ, ಯಂತ್ರಗಳು ಹೇಳಿ ಕೆಡುವುದಿಲ್ಲ ಎಂದು ಏನೇನೋ ಓದಿದ. ಡ್ವೇನ್ ಎರಡು ಸಲ ಬಾಯಿ ತೆರೆದ. ಎರಡು ಸಲವೂ ರಾಯ್ಸ್ ತಲೆ ಎತ್ತಿ ನೋಡಿದ, ಡ್ವೇನ್ ಬಾಯಿ ಮುಚ್ಚಿದ. ಟ್ರಕ್ಕಿನಲ್ಲಿ ಅವನು ನನಗೆ ಹೇಳಿದ್ದನ್ನು ಈ ಮೇಜಿನಿಂದ ನಾನೇ ಹೇಳಬೇಕು, ಮಾತುಗಳನ್ನು ಕೂಡಿಸಿಟ್ಟುಕೊಂಡಿದ್ದೆ. ಕೇಬಲ್ ಮುಳುಗಿದರೆ ಇಷ್ಟೂ ಜನ ನನ್ನ ಕಡೆಯೇ ಬೆರಳು ತೋರಿಸುತ್ತಾರೆ ಎಂಬ ಹೆದರಿಕೆ ಬೇರೆ.

"ಸಾರ್ವಜನಿಕರ ಮಾತು," ಅಂದ ರಾಯ್ಸ್. "ಯಾರಾದ್ರೂ?"

ಮೊದಲು ಎದ್ದದ್ದು ಎಲ್ಬ್ರಿಜ್‌ನ ಎಡಗೈ.

ಒಡೆಟ್ ಕುರ್ಚಿಯನ್ನು ಮೈಕಿನ ಹತ್ತಿರ ತಳ್ಳಿದಳು. ರಾಯ್ಸ್‌ನ ಕೈ ಅಭ್ಯಾಸಬಲದಿಂದ ಕೋಳಿಯ ಹೊಟ್ಟೆ ತಿರುಗಿಸಿತು, ಬಾಯಿಯೂ ಅಭ್ಯಾಸಬಲದಿಂದಲೇ ಹೇಳಿತು: "ಹೆಸರು, ರಸ್ತೆ ಹೇಳಿ."

ಹೇಳಿದ ಮೇಲೆ ಅವನಿಗೆ ತಿಳಿಯಿತು. ಎಲ್ಬ್ರಿಜ್‌ನ ಬದಲಿಗೆ ಹೇಳಲು ನಾನು ಎದ್ದೆ. ಎಲ್ಬ್ರಿಜ್ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದ, ಬೇಡ. ಕಂಬಳಿ ಸರಿಸಿ ಬಿಳಿ ಡಬ್ಬಿಯನ್ನು ಮೈಕಿನ ಕೆಳಗಿಟ್ಟ. ಕೊರಳಿನ ಗುಂಡಿ ಒತ್ತಿದ.

'ಸಹಾಯಕ್ಕೆ ಕರೆ ಮಾಡಲಾಗುತ್ತಿದೆ. ದಯವಿಟ್ಟು ಕಾಯಿರಿ.'

ಯಾರೋ ಕೆಮ್ಮಿದರು. ಕೋಳಿ ಕಟಕಟ ಅನ್ನುತ್ತಿತ್ತು.

'ಸಹಾಯಕ್ಕೆ ಕರೆ ಮಾಡಲಾಗುತ್ತಿದೆ. ದಯವಿಟ್ಟು ಕಾಯಿರಿ.'

ಹೆಸ್ಟರ್ ಮುಖ ಮುಚ್ಚಿಕೊಂಡಳು. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ತನ್ನ ಕೊರಳಿನ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ದನಿಯಲ್ಲಿ ಸಿಟ್ಟಿಲ್ಲ, ಆತುರವಿಲ್ಲ, ಮತ್ತೆ ಮತ್ತೆ ಅದೇ ಮಾತು. ಮೂರು ನಿಮಿಷವೆಂದರೆ ಎಷ್ಟು ಉದ್ದ ಎಂದು ಟನ್‌ಬ್ರೂಕಿಗೆ ಅಂದು ಗೊತ್ತಾಯಿತು. ಟ್ರಿಣ್ ಎಂದಿತು ಕೋಳಿ. ಡಬ್ಬಿ ನಿಲ್ಲಲಿಲ್ಲ. ಸಾಕು ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

"ಇದನ್ನ ಹೇಗೆ ನಿಲ್ಸೋದು, ವಿನಿ?" ರಾಯ್ಸ್ ಪಿಸುಗುಟ್ಟಿದ.

"ಆ ಕಡೆ ಯಾರಾದ್ರೂ ಎತ್ಬೇಕು," ಅಂದೆ.

ಅವನು ತಾನು ಓದಿದ್ದ ಕಾಗದವನ್ನು ಮಗುಚಿಟ್ಟ. ಆಮೇಲೆ ಎದ್ದ. ಮೇಜಿಗೆ ಸುತ್ತು ಹಾಕಿ, ಮೆಟ್ಟಿಲಿಳಿದು, ಎಲ್ಬ್ರಿಜ್‌ನ ಪಕ್ಕ, ಸಾರ್ವಜನಿಕರು ನಿಲ್ಲುವ ಜಾಗದಲ್ಲಿ ಮೈಕಿನೆದುರು ನಿಂತ. ಎಲ್ಬ್ರಿಜ್ ಅವನನ್ನೇ ನೋಡುತ್ತಿದ್ದ.

"ರಾಯ್ಸ್ ಪೆಲ್ಕಿ," ಅಂದ. "ಮಿಲ್ ರಸ್ತೆ." ಎಲ್ಬ್ರಿಜ್ ಕಡೆ ತಿರುಗಿದ. "ಬ್ಯಾಟರಿ ಸತ್ತಿದ್ದು ನಂಗೆ ಗೊತ್ತಿತ್ತು."

ನಾನು ಕೈ ಚಾಚಿ ಕೋಳಿಯನ್ನು ಹತ್ತಿರಕ್ಕೆ ಎಳೆದುಕೊಂಡೆ, ಅದರ ಹೊಟ್ಟೆ ತಿರುಗಿಸಿದೆ.

"ಮೂರು ನಿಮಿಷ ಇದೆ, ರಾಯ್ಸ್," ಅಂದೆ. "ಹೇಳು."